ಸೊಳ್ಳೆಯನ್ನು ಗುರುತಿಸಿದ ವೈದ್ಯ ಕಾರ್ಲೋಸ್ ಫಿನ್ಲೇ

ಕ್ಯೂಬಾದಲ್ಲಿ 1833ರ ಡಿಸೆಂಬರ್ 3ರಂದು ಜನಿಸಿದ ಡಾ. ಕಾರ್ಲೋಸ್ ಫಿನ್ಲೇ ಅವರು ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆದು, ಹವಾನಾ ನಗರದಲ್ಲಿ ವೃತ್ತಿನಿರತರಾದರು. ಹಳದಿ ಜ್ವರವು ಅಲ್ಲಿ ಅನೇಕರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಕಾಲವದು. ರೋಗಿಯ ಬಟ್ಟೆ, ಹಾಸಿಗೆಗಳಿಂದ ರೋಗ ಹರಡುವುದೆಂಬ ನಂಬಿಕೆ ಬಲವಾಗಿತ್ತು. ರೋಗಿಯ ರಕ್ತ ಹೀರಿದ ಸೊಳ್ಳೆಯೇ ಮತ್ತೊಬ್ಬರನ್ನು ಕಚ್ಚಿ ರೋಗ ದಾಟಿಸುತ್ತದೆಂದು ಫಿನ್ಲೇ 1881ರಲ್ಲಿ ಹವಾನಾದ ವಿಜ್ಞಾನ ಅಕಾಡೆಮಿಯ ಮುಂದೆ ಪ್ರತಿಪಾದಿಸಿದರು. ಆ ಸೊಳ್ಳೆಯ ಜಾತಿಯನ್ನೂ ಗುರುತಿಸಿದರು. ಸುಮಾರು ಎರಡು ದಶಕಗಳ ಕಾಲ ವಿದ್ವಜ್ಜನರು ಅದನ್ನು ಒಪ್ಪಲಿಲ್ಲ. ಆದರೂ ಅವರು ಪ್ರಯೋಗ ನಿಲ್ಲಿಸಲಿಲ್ಲ.

1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ಅಮೆರಿಕದ ಸೇನಾ ವೈದ್ಯರ ತಂಡಕ್ಕೆ ಫಿನ್ಲೇ ತಮ್ಮಲ್ಲಿದ್ದ ಸೊಳ್ಳೆಯ ಮೊಟ್ಟೆಗಳನ್ನು ಉದಾರವಾಗಿ ನೀಡಿದರು. ರೋಗಿಯ ರಕ್ತ ಹೀರಿದ ಸೊಳ್ಳೆಯು ಸುಮಾರು 12 ದಿನಗಳ ಬಳಿಕವಷ್ಟೇ ರೋಗ ಹರಡಬಲ್ಲದೆಂದು ತಂಡವು ಕಂಡುಕೊಂಡಿತು. ಸದಸ್ಯ ಡಾ. ಜೆಸ್ಸಿ ಲಾಝಿಯರ್ ಅದೇ ಜ್ವರಕ್ಕೆ ಪ್ರಾಣ ತೆತ್ತರು. 1901ರಲ್ಲಿ ಸೊಳ್ಳೆಗಳನ್ನು ನಿಯಂತ್ರಿಸಿದಾಗ ಹವಾನಾ ಆ ಪಿಡುಗಿನಿಂದ ಪಾರಾಯಿತು. ಮರುವರ್ಷ ಫಿನ್ಲೇ ಕ್ಯೂಬಾದ ಮುಖ್ಯ ಆರೋಗ್ಯಾಧಿಕಾರಿಯಾದರು. ಅವರು ನಿಧನರಾದುದು 1915ರಲ್ಲಿ. ರೋಗದ ವೈರಾಣು ಪತ್ತೆಯಾದುದು 1927ರಲ್ಲಿ.

ಈಡಿಸ್ ಈಜಿಪ್ಟಿ ಎಂಬ ಅದೇ ಸೊಳ್ಳೆ ಇಂದು ನಮ್ಮ ಮಹಾನಗರಗಳಲ್ಲಿ ಡೆಂಗ್ಯೂ, ಚಿಕೂನ್‌ಗುನ್ಯಾ ಹರಡುತ್ತಿದೆ. ಹೂಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲುವುದೇ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವ.