ಜಮ್‌ಷೆಟ್‌ಜಿ ಟಾಟಾ ಮತ್ತು ನಮ್ಮ ರೇಷ್ಮೆಹುಳು

ಜಮ್‌ಷೆಟ್‌ಜಿ ಟಾಟಾ ಎಂದೊಡನೆ ಉಕ್ಕಿನ ಕಾರ್ಖಾನೆಯೂ ಬೆಂಗಳೂರಿನ ವಿಜ್ಞಾನಮಂದಿರವೂ ನೆನಪಾಗುವುವು. ರೇಷ್ಮೆಯ ಸೀಮೆಯಲ್ಲಿ ಬೆಳೆದ ನನಗೆ ಅವರ ಇನ್ನೊಂದು ಕಾರ್ಯವೇ ಹತ್ತಿರವಾದುದು.

ಅವರು 1839ರಲ್ಲಿ ಗುಜರಾತಿನ ನವಸಾರಿಯಲ್ಲಿ ಪಾರಸಿ ಪುರೋಹಿತರ ವಂಶದಲ್ಲಿ ಜನಿಸಿದರು. 1877ರಲ್ಲಿ ನಾಗಪುರದಲ್ಲಿ ಬಟ್ಟೆಗಿರಣಿ ತೆರೆದು ಹೆಸರಾದರು. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಕಸುಬು ಆ ಶತಮಾನದ ಕೊನೆಗೆ ಹುಳುವಿನ ರೋಗದಿಂದ ಸೊರಗಿತ್ತು. ಟಾಟಾ ಅವರು ಮೈಸೂರು ಸರ್ಕಾರದ ನೆರವಿನೊಡನೆ ಬೆಂಗಳೂರಿನಲ್ಲಿ ರೇಷ್ಮೆ ತೋಟ ಸ್ಥಾಪಿಸಿ, ಜಪಾನಿನ ತಜ್ಞರನ್ನು ಕರೆಸಿ, ಹುಳು ಸಾಕುವ ಹೊಸ ಕ್ರಮವನ್ನು ನಮ್ಮವರಿಗೆ ಕಲಿಸಿದರು.

ಹುಳು ನಾಲ್ಕು ಜ್ವರ ಕಳೆದು, ಹಣ್ಣಾಗಿ, ಚಂದ್ರಂಕಿಯಲ್ಲಿ ಗೂಡು ಕಟ್ಟುತ್ತದೆ. ನೂಲಿಗೆಂದು ಗೂಡು ಬೇಯಿಸಿದರೆ ಒಳಗಿನ ಜೀವ ಅಲ್ಲಿಗೆ ಮುಗಿಯಿತು. ಬಿತ್ತನೆಗೆ ಇಟ್ಟದ್ದು ಮಾತ್ರ ಚಿಟ್ಟೆಯಾಗಿ ಹೊರಬಂದು ಮೊಟ್ಟೆಯಿಡುತ್ತದೆ. ಗಂಟುರೋಗ ತಾಯಿಚಿಟ್ಟೆಯಿಂದಲೇ ಮೊಟ್ಟೆಗೆ ಇಳಿಯುವುದರಿಂದ, ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗ ಕಂಡರೆ ಮೊಟ್ಟೆಗಳನ್ನು ನಾಶಮಾಡಬೇಕು. ಇದು 1860ರ ದಶಕದಲ್ಲಿ ಫ್ರಾನ್ಸಿನ ಪಾಶ್ಚರ್ ತೋರಿಸಿಕೊಟ್ಟ ದಾರಿ.

1904ರ ಮೇ 19ರಂದು ಟಾಟಾ ಜರ್ಮನಿಯಲ್ಲಿ ತೀರಿಕೊಂಡರು. ಉಕ್ಕಿನ ಕಾರ್ಖಾನೆಯನ್ನಾಗಲಿ ವಿಜ್ಞಾನಮಂದಿರವನ್ನಾಗಲಿ ಅವರು ಕಣ್ಣಾರೆ ಕಾಣಲಿಲ್ಲ. ರೇಷ್ಮೆ ತೋಟವನ್ನು ಕಂಡಿದ್ದರು. ಅದು ಮುಂದೆ ಸಾಲ್ವೇಷನ್ ಆರ್ಮಿಯ ಕೈಸೇರಿತು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಮಾತ್ರ ಉಳಿದಿದೆ.

ಮಾಗಡಿಯ ಕಡೆ ಮೈಸೂರು ತಳಿಯ ಬಿತ್ತನೆಗೂಡು ಬೆಳೆಯುತ್ತಾರೆ. ಚನ್ನಪಟ್ಟಣ, ಕನಕಪುರಗಳ ಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ಒಂದು ಬೆಳೆ ಕೆಟ್ಟರೆ ರೈತನ ಮನೆಗೆ ಸಾಲ ಹೊಕ್ಕಿತೆಂದೇ ಅರ್ಥ. ಬಿತ್ತನೆ ಕೋಠಿಯಲ್ಲಿ ಚಿಟ್ಟೆಯನ್ನು ಪರೀಕ್ಷಿಸುವ ಆ ಎರಡು ನಿಮಿಷದ ಕೆಲಸ ಎಷ್ಟು ಸಂಸಾರಗಳನ್ನು ಕಾಯುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.