ಪ್ರಿಯದರ್ಶಿಯ ಪಶ್ಚಾತ್ತಾಪ

ರಾಯಚೂರು ಜಿಲ್ಲೆಯ ಮಸ್ಕಿ ಎಂಬ ಊರಿನ ಗುಡ್ಡದಲ್ಲಿ ಒಂದು ಬಂಡೆಯಿದೆ. 1915ರಲ್ಲಿ, ಚಿನ್ನದ ಗಣಿಯ ಕೆಲಸಕ್ಕಾಗಿ ಆ ಪ್ರದೇಶದಲ್ಲಿದ್ದ ಬೀಡನ್ ಎಂಬ ಇಂಜಿನಿಯರನು ಅದರ ಮೇಲೆ ಪ್ರಾಚೀನ ಲಿಪಿಯ ಸಾಲುಗಳನ್ನು ಕಂಡನು. ವಿದ್ವಾಂಸರು ಅವನ್ನು ಓದಿದಾಗ ಬಹುಕಾಲದ ಸಂದೇಹವೊಂದು ಪರಿಹಾರವಾಯಿತು. ಭರತಖಂಡದ ಉದ್ದಗಲಕ್ಕೂ ಬಂಡೆಗಳ ಮೇಲೆ, ಕಂಬಗಳ ಮೇಲೆ ಕೆತ್ತಿದ ಧರ್ಮಶಾಸನಗಳು ಅದಕ್ಕೆ ಮೊದಲೇ ದೊರೆತಿದ್ದುವು. ಅವುಗಳ ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಪಂಡಿತನು ಓದಿ ತಿಳಿಸಿದ್ದನು. ಆದರೆ ಅವುಗಳಲ್ಲಿ ಅರಸನ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು. ಈತನೇ ಮೌರ್ಯ ಚಕ್ರವರ್ತಿ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ನಿರ್ಣಯಿಸಿದ್ದರು. ಮಸ್ಕಿಯ ಶಾಸನದಲ್ಲಿಯಾದರೋ ಅಶೋಕ ಎಂಬ ಹೆಸರೇ ಇತ್ತು. ಹೀಗೆ, ಜಗತ್ತಿನ ಇತಿಹಾಸದಲ್ಲಿಯೇ ಅಪರೂಪವಾದ ತಪ್ಪೊಪ್ಪಿಗೆಯೊಂದನ್ನು ಬರೆಸಿದವನ ಹೆಸರು ಕನ್ನಡ ನಾಡಿನ ಕಲ್ಲಿನಿಂದ ಖಚಿತವಾಯಿತು.

ಅಶೋಕನು ಮೌರ್ಯ ಸಾಮ್ರಾಜ್ಯವನ್ನು ಸ್ಥಾಪಿಸಿದ ಚಂದ್ರಗುಪ್ತನ ಮೊಮ್ಮಗ; ಬಿಂದುಸಾರನ ಮಗ. ಸುಮಾರು ಕ್ರಿ.ಪೂ. 268ರಲ್ಲಿ ಪಾಟಲಿಪುತ್ರದಲ್ಲಿ ಅವನ ಪಟ್ಟಾಭಿಷೇಕವಾಯಿತು. ಅವನ ಯೌವನವನ್ನು ಕುರಿತು ಬೌದ್ಧ ಗ್ರಂಥಗಳು ಘೋರವಾದ ಕಥೆಗಳನ್ನು ಹೇಳುತ್ತವೆ. ಸಿಂಹಾಸನಕ್ಕಾಗಿ ಅವನು ತನ್ನ 99 ಮಂದಿ ಸೋದರರನ್ನು ಕೊಲ್ಲಿಸಿದನಂತೆ. ರಾಜಧಾನಿಯಲ್ಲಿ ನರಕವನ್ನೇ ಹೋಲುವ ಯಾತನಾಗೃಹವನ್ನು ಕಟ್ಟಿಸಿದನಂತೆ. ಇವನ್ನೆಲ್ಲ ನಂಬಬೇಕಾಗಿಲ್ಲ. ಅವನ ಒಂದು ಶಾಸನದಲ್ಲಿ ಅವನ ಸೋದರ ಸೋದರಿಯರ ಮನೆಗಳ ಪ್ರಸ್ತಾಪವೇ ಇದೆ. ಧರ್ಮವನ್ನು ಸ್ವೀಕರಿಸಿದ ಮೇಲಿನ ಬಾಳು ಇನ್ನಷ್ಟು ಬೆಳ್ಳಗೆ ಕಾಣಲೆಂದು ಕಥೆಗಾರರು ಮೊದಲಿನ ಬಾಳಿಗೆ ಮಸಿ ಬಳಿದಿರಬೇಕು. ಅದೇನೇ ಇರಲಿ, ಅಶೋಕನ ತಪ್ಪನ್ನು ತಿಳಿಯಲು ಕಥೆಗಳ ಮೊರೆಹೋಗುವ ಅಗತ್ಯವಿಲ್ಲ. ಅದನ್ನು ಅವನೇ ಬರೆಸಿಟ್ಟಿದ್ದಾನೆ.

ಪಟ್ಟಾಭಿಷೇಕವಾಗಿ ಎಂಟು ವರ್ಷಗಳು ಕಳೆದಾಗ, ಎಂದರೆ ಸುಮಾರು ಕ್ರಿ.ಪೂ. 261ರಲ್ಲಿ, ಅವನು ಕಳಿಂಗದ ಮೇಲೆ ದಂಡೆತ್ತಿ ಹೋದನು. ಇಂದಿನ ಒಡಿಶಾ ಮತ್ತು ಉತ್ತರ ಆಂಧ್ರದ ಕರಾವಳಿಯೇ ಅಂದಿನ ಕಳಿಂಗ. ಉತ್ತರದಲ್ಲಿ ಗಾಂಧಾರದಿಂದ ದಕ್ಷಿಣದಲ್ಲಿ ಕನ್ನಡ ನಾಡಿನವರೆಗೆ ಹಬ್ಬಿದ್ದ ಸಾಮ್ರಾಜ್ಯದ ಮಗ್ಗುಲಲ್ಲಿ ಅದೊಂದು ತಲೆಬಾಗದೆ ಉಳಿದಿತ್ತು. ಯುದ್ಧ ಹೇಗೆ ನಡೆಯಿತು, ಎಷ್ಟು ದಿನ ನಡೆಯಿತು, ಕಳಿಂಗದ ಅರಸನು ಯಾರು ಎಂಬ ವಿವರಗಳೊಂದೂ ಶಾಸನದಲ್ಲಿ ಇಲ್ಲ. ಗೆದ್ದವನ ಶೌರ್ಯದ ವರ್ಣನೆಯೂ ಇಲ್ಲ. ಇರುವುದು ಲೆಕ್ಕ ಮಾತ್ರ. ಸೆರೆಹಿಡಿದು ಬೇರೆಡೆಗೆ ಸಾಗಿಸಲ್ಪಟ್ಟವರು 1,50,000. ಅಲ್ಲಿಯೇ ಹತರಾದವರು 1,00,000. ಅದರ ಹಲವು ಪಟ್ಟು ಮಂದಿ ಅನಂತರ ಸತ್ತರು. ಇದು ಹದಿಮೂರನೆಯ ಬಂಡೆಶಾಸನದ ಪ್ರಾರಂಭ.

ಯುದ್ಧದಲ್ಲಿ ಸತ್ತವರ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿಸಿದ ರಾಜರು ಜಗತ್ತಿನಲ್ಲಿ ಅನೇಕರಿದ್ದಾರೆ. ಅವರಿಗೆ ಆ ಸಂಖ್ಯೆ ದೊಡ್ಡದಾದಷ್ಟೂ ಕೀರ್ತಿ ದೊಡ್ಡದು. ಅಶೋಕನು ಅದೇ ಸಂಖ್ಯೆಯನ್ನು ತನ್ನ ಸಾಲದ ಲೆಕ್ಕದಲ್ಲಿ ಬರೆಸಿದನು. ಅಷ್ಟಕ್ಕೇ ನಿಲ್ಲದೆ, ಯಾವ ಸೇನಾನಿಯೂ ಎಣಿಸದವರನ್ನೂ ಅವನು ಎಣಿಕೆಗೆ ತೆಗೆದುಕೊಂಡನು. ಗುರುಹಿರಿಯರಲ್ಲಿ ಭಕ್ತಿಯುಳ್ಳವರು, ಬಂಧುಮಿತ್ರರನ್ನೂ ಸೇವಕರನ್ನೂ ಪ್ರೀತಿಯಿಂದ ಕಾಣುವವರು ಆ ನಾಡಿನಲ್ಲಿಯೂ ಇದ್ದರು. ಅವರಿಗೆ ಸಾವು, ನೋವು, ಅಗಲಿಕೆ ಒದಗಿದುವು. ಅಪಾಯದಿಂದ ಪಾರಾಗಿ ಉಳಿದವರಿಗೂ ತಮ್ಮವರ ಸಂಕಟವೇ ಸಂಕಟವಾಯಿತು. ಹೀಗೆ ದುಃಖವು ಮನೆಯಿಂದ ಮನೆಗೆ ಹರಡುವುದನ್ನು ಅವನು ಕಂಡನು. ಅಂದು ನೊಂದವರಲ್ಲಿ ನೂರರಲ್ಲೊಂದು ಪಾಲು, ಸಾವಿರದಲ್ಲೊಂದು ಪಾಲು ಜನ ಇಂದು ನೊಂದರೂ ಅದು ತನಗೆ ಸಹಿಸಲಾಗದ ಭಾರವೆಂದು ತಿಳಿಸಿದನು. ಮುಂದೆ ತನ್ನ ಮಕ್ಕಳು ಮೊಮ್ಮಕ್ಕಳು ಹೊಸ ನಾಡುಗಳನ್ನು ಗೆಲ್ಲುವ ಯೋಚನೆಯನ್ನೇ ಮಾಡಬಾರದೆಂದು ಬಯಸಿದನು.

ರಣರಂಗದಲ್ಲಿ ಹೆಣಗಳ ರಾಶಿಯನ್ನು ಕಂಡೊಡನೆ ಅಶೋಕನು ಖಡ್ಗವನ್ನು ಎಸೆದು ಬೇರೆ ಮನುಷ್ಯನೇ ಆದನೆಂದು ಸಾಮಾನ್ಯವಾಗಿ ಚಿತ್ರಿಸುತ್ತಾರೆ. ನಾಟಕಕ್ಕೆ ಅದು ಒಪ್ಪುವ ದೃಶ್ಯವೇ ಸರಿ. ಆದರೆ ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ ಮೊದಲಾದೆಡೆಗಳಲ್ಲಿರುವ ಕಿರುಶಾಸನಗಳು ಹೇಳುವ ವಿಷಯ ಬೇರೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳಾದರೂ ಮೊದಲ ಒಂದು ವರ್ಷದಲ್ಲಿ ಹೇಳಿಕೊಳ್ಳುವಂಥ ಶ್ರದ್ಧೆಯನ್ನು ತೋರಲಿಲ್ಲ, ಸಂಘದ ಸಮೀಪಕ್ಕೆ ಹೋದ ಮೇಲೆಯೇ ಮನಸ್ಸಿಟ್ಟು ದುಡಿದೆ ಎಂದು ಚಕ್ರವರ್ತಿಯು ಪ್ರಜೆಗಳೆದುರು ಸಂಕೋಚವಿಲ್ಲದೆ ಅರಿಕೆಮಾಡಿಕೊಂಡಿದ್ದಾನೆ. ಮನಸ್ಸಿನ ಈ ತಿರುವು ನಿಧಾನವಾದುದು; ನಿಧಾನವಾದುದರಿಂದಲೇ ನಂಬಲು ಯೋಗ್ಯವಾದುದು.

ಪಾಪವೆಂಬುದು ಇದೆಯೇ ಎಂಬ ಪ್ರಶ್ನೆಯನ್ನು ತತ್ತ್ವಜ್ಞಾನಿಗಳು ಹಲವು ಬಗೆಯಲ್ಲಿ ಚರ್ಚಿಸಿದ್ದಾರೆ. ಅಶೋಕನು ತತ್ತ್ವಜ್ಞಾನಿಯಲ್ಲ. ಪಾಪವಿದೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆ ಪದವನ್ನೇ ಅವನ ಶಾಸನಗಳು ಬಳಸುತ್ತವೆ. ಒಳಿತು ಮಾಡುವುದು ಕಷ್ಟ, ಪಾಪ ಮಾಡುವುದು ಸುಲಭ ಎಂಬುದು ಅವನ ಅನುಭವ. ಯಜ್ಞದಿಂದಲೋ ತೀರ್ಥಸ್ನಾನದಿಂದಲೋ ಕಳಿಂಗದ ಪಾಪವನ್ನು ತೊಳೆದುಕೊಂಡೆನೆಂದು ಅವನು ಎಲ್ಲಿಯೂ ಹೇಳಿಕೊಂಡಿಲ್ಲ. ಯುದ್ಧವಾಗಿ ಸುಮಾರು ಹದಿನೆಂಟು ವರ್ಷಗಳ ಮೇಲೆ ಕಂಬಗಳ ಮೇಲೆ ಬರೆಸಿದ ಶಾಸನಗಳಲ್ಲಿ ಅವನು ಈ ವಿಷಯವನ್ನು ಮತ್ತೆ ಎತ್ತಿಕೊಂಡನು. ಮನುಷ್ಯನು ತಾನು ಮಾಡಿದ ಒಳ್ಳೆಯದನ್ನು ನೋಡಿ ಹಿಗ್ಗುತ್ತಾನೆ. ತಾನು ಮಾಡಿದ ಪಾಪ ಮಾತ್ರ ಅವನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣುವುದು ಬಹು ಕಷ್ಟ, ಆದರೂ ಕಾಣಲೇಬೇಕು. ಕ್ರೌರ್ಯ, ಕೋಪ, ಗರ್ವ, ಅಸೂಯೆಗಳು ಅದಕ್ಕೆ ದಾರಿ. ಇದು ಮೂರನೆಯ ಸ್ತಂಭಶಾಸನದ ತಾತ್ಪರ್ಯ. ಕಳಿಂಗದ ಹೆಸರು ಅಲ್ಲಿಲ್ಲ. ಆದರೆ ತನ್ನ ಪಾಪವನ್ನು ಕಾಣುವುದು ಎಷ್ಟು ಕಷ್ಟವೆಂಬುದನ್ನು ಅವನು ಯಾವ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ.

ಕಂಡ ಮೇಲೆ ಮಾಡಿದ್ದೇನು? ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದನು. ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದನು, ಬಾವಿಗಳನ್ನು ತೋಡಿಸಿದನು. ಇವು ಎಲ್ಲರಿಗೂ ತಿಳಿದ ಸಂಗತಿಗಳು. ಇವೆಲ್ಲಕ್ಕಿಂತ ಅವನ ಸ್ವಭಾವವನ್ನು ಚೆನ್ನಾಗಿ ತೋರಿಸುವುದು ಅಡುಗೆಮನೆಯ ಲೆಕ್ಕ. ಹಿಂದೆ ಅರಮನೆಯ ಅಡುಗೆಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳ ವಧೆಯಾಗುತ್ತಿತ್ತೆಂದೂ ಈಗ ಎರಡು ನವಿಲು, ಒಂದು ಜಿಂಕೆ ಮಾತ್ರವೆಂದೂ ಜಿಂಕೆಯೂ ನಿತ್ಯವಲ್ಲವೆಂದೂ ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲವೆಂದೂ ಮೊದಲನೆಯ ಬಂಡೆಶಾಸನ ತಿಳಿಸುತ್ತದೆ. ಮತ್ತೊಬ್ಬನಾಗಿದ್ದರೆ ಅರಮನೆಯಲ್ಲಿ ಹಿಂಸೆ ಪೂರ್ಣವಾಗಿ ನಿಂತಿತೆಂದು ಸಾರಿಸಿಬಿಡುತ್ತಿದ್ದನು. ಉಳಿದ ಎರಡು ನವಿಲುಗಳನ್ನು ಎಣಿಸಿ ಹೇಳುವ ಪ್ರಾಮಾಣಿಕತೆ ಎಲ್ಲರಿಗೂ ಬರುವುದಿಲ್ಲ. ಮರಣದಂಡನೆಯನ್ನು ಸಹ ಅವನು ತೆಗೆದುಹಾಕಲಿಲ್ಲ; ಅಪರಾಧಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟನು. ಅಷ್ಟರಲ್ಲಿ ಬಂಧುಗಳು ಜೀವದಾನವನ್ನು ಬೇಡಿಕೊಳ್ಳಬಹುದಾಗಿತ್ತು. ಅದಾಗದಿದ್ದರೆ ಅವನು ಪರಲೋಕಕ್ಕಾಗಿ ದಾನ ಉಪವಾಸಗಳನ್ನು ಮಾಡಬಹುದಾಗಿತ್ತು.

ಇಷ್ಟಾದರೂ ಕಳಿಂಗದ ಸಾಲ ತೀರಿತೆಂದು ಹೇಳುವಂತಿಲ್ಲ. ಪಶ್ಚಾತ್ತಾಪಪಟ್ಟ ಅರಸನು ಗೆದ್ದ ನಾಡನ್ನು ಹಿಂದಕ್ಕೆ ಕೊಡಲಿಲ್ಲ. ಸಾಗಿಸಲ್ಪಟ್ಟ ಒಂದೂವರೆ ಲಕ್ಷ ಜನ ತಮ್ಮ ಊರುಗಳಿಗೆ ಮರಳಿದರೆಂದು ಯಾವ ಶಾಸನವೂ ತಿಳಿಸುವುದಿಲ್ಲ. ಕ್ಷಮಿಸಬಹುದಾದ ತಪ್ಪನ್ನು ಕ್ಷಮಿಸಬೇಕೆಂದು ಉಪದೇಶಿಸುವ ಅದೇ ಹದಿಮೂರನೆಯ ಶಾಸನದಲ್ಲಿ ಅಡವಿಯ ಜನರಿಗೆ ಒಂದು ಎಚ್ಚರಿಕೆಯೂ ಇದೆ: ಅರಸನಿಗೆ ಪಶ್ಚಾತ್ತಾಪವಿದೆ, ಆದರೆ ದಂಡಿಸುವ ಬಲವೂ ಇದೆ ಎಂಬುದನ್ನು ಅವರು ಮರೆಯಬಾರದು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಆ ಶಾಸನವು ಕಳಿಂಗದಲ್ಲಿಯೇ ಇಲ್ಲ. ಕನ್ನಡ ನಾಡಿಗೆ ಸಮೀಪದ ಎರ‍್ರಗುಡಿಯಲ್ಲಿದೆ, ದೂರದ ಗಿರ್ನಾರ್, ಕಾಲಸೀ, ಶಹಬಾಜಗಢಿಗಳಲ್ಲಿದೆ. ಕಳಿಂಗದ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಅದನ್ನು ಬಿಟ್ಟು ಬೇರೆ ಎರಡು ಶಾಸನಗಳನ್ನು ಕೆತ್ತಿಸಿದ್ದಾರೆ. ಸೋತವರ ಗಾಯವನ್ನು ಕೆದಕಬಾರದೆಂಬ ಮರುಕ ಇದಕ್ಕೆ ಕಾರಣವಾಗಿರಬಹುದು. ಸತ್ತವರ ಲೆಕ್ಕವನ್ನು ಅವರ ಮಕ್ಕಳೆದುರು ಇಡಲು ಅಂಜಿಕೆಯೂ ಆಗಿರಬಹುದು.

ಆದರೆ ಅಲ್ಲಿ ಬರೆಸಿದ್ದಾದರೂ ಸಾಮಾನ್ಯವಾದುದಲ್ಲ. ಎಲ್ಲ ಮನುಷ್ಯರೂ ತನಗೆ ಮಕ್ಕಳ ಸಮಾನವೆಂದು ಅವನು ಅಧಿಕಾರಿಗಳಿಗೆ ತಿಳಿಸಿದನು. ಒಬ್ಬನನ್ನು ಕಾರಣವಿಲ್ಲದೆ ಸೆರೆಯಲ್ಲಿಟ್ಟರೆ ಅವನೊಡನೆ ಬೇರೆ ಅನೇಕರು ನೋಯುತ್ತಾರೆಂದು ತೋಸಲಿಯ ನ್ಯಾಯಾಧಿಕಾರಿಗಳನ್ನು ಎಚ್ಚರಿಸಿದನು. ಯುದ್ಧಭೂಮಿಯಲ್ಲಿ ಕಲಿತ ಲೆಕ್ಕವೇ ಇದು. ಅಸೂಯೆ, ಸಿಟ್ಟು, ಆತುರ, ಸೋಮಾರಿತನ, ಬಳಲಿಕೆ ಇವೂ ಅನ್ಯಾಯಕ್ಕೆ ಕಾರಣವಾಗುತ್ತವೆಂದು ಹೇಳಿ, ಎಲ್ಲವೂ ಸರಿಯಾಗಿ ನಡೆದಿದೆಯೇ ಎಂದು ನೋಡಲು ಐದು ವರ್ಷಗಳಿಗೊಮ್ಮೆ ಮೃದುಸ್ವಭಾವದ ಅಧಿಕಾರಿಯನ್ನು ಕಳುಹಿಸುವ ಏರ್ಪಾಡು ಮಾಡಿದನು. ಕಳಿಂಗಕ್ಕೆಂದೇ ಬರೆಸಿದುವೆಂದು ಬಹುಕಾಲ ತಿಳಿದಿದ್ದ ಈ ಎರಡು ಶಾಸನಗಳು 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತುವು. ಭೀಮಾ ತೀರದ ಆ ಊರಿನ ಗುಡಿಯಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅವು ಇದ್ದುವು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನು ಕೆತ್ತಿರುವ ಅವನದೇ ಶಿಲ್ಪವೂ ದೊರೆತಿದೆ.

ಅಶೋಕನು ಸುಮಾರು ಕ್ರಿ.ಪೂ. 232ರಲ್ಲಿ ತೀರಿಕೊಂಡನು. ಅರ್ಧ ಶತಮಾನದೊಳಗೆ ಮೌರ್ಯರ ಆಳ್ವಿಕೆ ಮುಗಿಯಿತು. ಕ್ರಮೇಣ ಅವನ ಲಿಪಿಯೂ ಜನರಿಗೆ ಮರೆತುಹೋಯಿತು. 14ನೆಯ ಶತಮಾನದಲ್ಲಿ ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕನು ತೋಪ್ರಾ ಎಂಬ ಹಳ್ಳಿಯಲ್ಲಿದ್ದ ಅವನ ಕಂಬವೊಂದನ್ನು ಕಂಡು ಬೆರಗಾದನು. ಅದನ್ನು ಹತ್ತಿಯ ರಾಶಿಯ ಮೇಲೆ ಮೆಲ್ಲನೆ ಒರಗಿಸಿ, 42 ಚಕ್ರಗಳ ಬಂಡಿಯಲ್ಲಿ ಯಮುನೆಯವರೆಗೆ ಎಳೆಸಿ, ದೋಣಿಗಳ ಮೇಲೆ ದೆಹಲಿಗೆ ತರಿಸಿ ತನ್ನ ಕೋಟೆಯಲ್ಲಿ ನಿಲ್ಲಿಸಿದನು. ಮನುಷ್ಯನಿಗೆ ತನ್ನ ಪುಣ್ಯ ಕಾಣುತ್ತದೆ, ಪಾಪ ಕಾಣುವುದಿಲ್ಲ ಎಂಬ ಶಾಸನ ಆ ಕಂಬದ ಮೇಲೆಯೇ ಇದೆ. ಸುಲ್ತಾನನು ಪಂಡಿತರನ್ನು ಕರೆಸಿ ಓದಿಸಲು ನೋಡಿದನು. ಯಾರಿಂದಲೂ ಆಗಲಿಲ್ಲ. ಫಿರೋಜ್ ಎಂಬ ಸುಲ್ತಾನನು ಬರುವವರೆಗೆ ಈ ಕಂಬವನ್ನು ಯಾರೂ ಕದಲಿಸಲಾರರೆಂದು ಅದರಲ್ಲಿ ಬರೆದಿದೆಯೆಂದು ಕೆಲವರು ಹೇಳಿದರೆಂದು ಆ ಕಾಲದ ಚರಿತ್ರೆಕಾರನು ದಾಖಲಿಸಿದ್ದಾನೆ.