ಪ್ಲೇಟು ಮಾರುತ್ತಿದ್ದ ಮೆಯ್ಯಪ್ಪನ್

ಟೆಂಟ್ ಸಿನಿಮಾ ನೋಡಿ ಬೆಳೆದ ನಮ್ಮೂರ ಹಿರಿಯರಿಗೆ ‘ಎ.ವಿ.ಎಂ.’ ಎಂಬ ಮೂರಕ್ಷರ ಹೊಸದಲ್ಲ. ಆದರೆ ಆ ಹೆಸರಿನ ಎ.ವಿ. ಮೆಯ್ಯಪ್ಪನ್ ಅವರು ಮೊದಲು ಗ್ರಾಮಫೋನ್ ಪ್ಲೇಟಿನ ವ್ಯಾಪಾರಿಯಾಗಿದ್ದರೆಂದು ತಿಳಿದವರು ಕಡಿಮೆ.

ಅವರು ಹುಟ್ಟಿದ್ದು 1907ರಲ್ಲಿ, ಇಂದಿನ ತಮಿಳುನಾಡಿನ ಕಾರೈಕುಡಿಯಲ್ಲಿ. ತಂದೆ ಆವಿಚ್ಚಿ ಚೆಟ್ಟಿಯಾರರ ಅಂಗಡಿಯಲ್ಲಿ ಪ್ಲೇಟುಗಳೂ ಮಾರಾಟವಾಗುತ್ತಿದ್ದವು. ಎಳೆಯ ವಯಸ್ಸಿನಲ್ಲೇ ಅಲ್ಲಿ ಕುಳಿತ ಮಗನಿಗೆ, ಬೇರೆಯವರು ಮಾಡಿದ ಪ್ಲೇಟು ಮಾರುವುದಕ್ಕಿಂತ ತಾವೇ ಹಾಡಿಸಿ ಪ್ಲೇಟು ಮಾಡಿಸಬೇಕೆನಿಸಿತು. ಇದು ಸಣ್ಣ ಧೈರ್ಯವಲ್ಲ. ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಾಡು. ಹಾಡುವವರಿಗೆ ಮೊದಲೇ ಹಣ ಕೊಡಬೇಕು. ಜನ ಮೆಚ್ಚದಿದ್ದರೆ ಪ್ಲೇಟುಗಳು ಅಂಗಡಿಯಲ್ಲೇ ಉಳಿಯುತ್ತವೆ. ಆದರೂ ಗೆಳೆಯರೊಡನೆ ಮದ್ರಾಸಿಗೆ ಹೋಗಿ 1932ರ ಸುಮಾರಿಗೆ ‘ಸರಸ್ವತಿ ಸ್ಟೋರ್ಸ್’ ತೆರೆದರು. ಜರ್ಮನಿಯ ಓಡಿಯನ್ ಕಂಪನಿಯ ಪ್ಲೇಟುಗಳ ವ್ಯವಹಾರ ಹಿಡಿದರು. ವ್ಯಾಪಾರ ಕುದುರಿತು.

ಅಷ್ಟಕ್ಕೇ ನಿಲ್ಲಬಹುದಿತ್ತು. ಟಾಕಿ ಬಂದಿತ್ತು, ಅದರ ತುಂಬ ಹಾಡುಗಳೇ. ಕಲ್ಕತ್ತೆಗೆ ಹೋಗಿ ‘ಅಲ್ಲಿ ಅರ್ಜುನ’ ಎಂಬ ತಮಿಳು ಚಿತ್ರ ತೆಗೆದರು. 1935ರಲ್ಲಿ ಬಂದ ಅದು ಸೋತಿತು. ಮುಂದಿನ ‘ರತ್ನಾವಳಿ’ಯೂ ಕೈಕೊಟ್ಟಿತು. ಪ್ಲೇಟಿನಲ್ಲಿ ಗಳಿಸಿದ್ದನ್ನು ಸಿನಿಮಾ ನುಂಗಿತು. ಇನ್ನೂ ಮೂವತ್ತು ತುಂಬದ ಯುವಕನಿಗೆ ಊರಿನ ಅಂಗಡಿಗೆ ಮರಳುವ ದಾರಿ ತೆರೆದೇ ಇತ್ತು. ಮರಳಲಿಲ್ಲ.

1938ರ ‘ನಂದಕುಮಾರ್’ ಅವರ ಕೈಹಿಡಿಯಿತು. ಅದರಲ್ಲಿ ನಟಿಯೊಬ್ಬರ ಹಾಡುಗಾರಿಕೆ ಸಾಲದೆನಿಸಿ, ಲಲಿತಾ ವೆಂಕಟರಾಮನ್ ಅವರಿಂದ ಹಾಡಿಸಿ ಆ ದನಿಯನ್ನು ನಟಿಯ ಮುಖಕ್ಕೆ ಹೊಂದಿಸಿದರು. ತಮಿಳಿನಲ್ಲಿ ಹಿನ್ನೆಲೆ ಗಾಯನದ ಮೊದಲ ಹೆಜ್ಜೆ ಅದು. ನನಗನಿಸುವಂತೆ ಇದು ಪ್ಲೇಟಿನ ವ್ಯಾಪಾರಿಗೇ ಹೊಳೆಯುವ ಉಪಾಯ. ಮುಖ ಕಾಣದ ದನಿಗೆ ಜನ ಕಾಸು ಕೊಡುವುದನ್ನು ಅವರು ಅಂಗಡಿಯಲ್ಲಿ ದಿನವೂ ಕಂಡಿದ್ದರಲ್ಲ!

ಕನ್ನಡಿಗರಿಗೂ ಈ ಕಥೆಯಲ್ಲಿ ಪಾಲಿದೆ. ಆರ್. ನಾಗೇಂದ್ರರಾಯರು ಮತ್ತು ಎಂ.ವಿ. ಸುಬ್ಬಯ್ಯ ನಾಯ್ಡು ಅವರನ್ನು ಜೊತೆಗಿಟ್ಟುಕೊಂಡು ಮೆಯ್ಯಪ್ಪನ್ ಅವರು ‘ವಸಂತಸೇನಾ’ (1941), ‘ಸತ್ಯ ಹರಿಶ್ಚಂದ್ರ’ (1943) ಎಂಬ ಕನ್ನಡ ಚಿತ್ರಗಳನ್ನು ನಿರ್ಮಿಸಿದರು. ‘ಹರಿಶ್ಚಂದ್ರ’ ಚೆನ್ನಾಗಿ ಓಡಿತು. ತಮಿಳಿಗೆ ಅದನ್ನು ಮತ್ತೆ ಚಿತ್ರೀಕರಿಸುವ ಬದಲು, ನಮ್ಮ ನಟರ ತುಟಿಗೆ ತಮಿಳು ಮಾತು ಕೂರಿಸಿ 1944ರಲ್ಲಿ ಬಿಡುಗಡೆ ಮಾಡಿದರು. ಭಾರತದ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರವೆಂದು ಅದನ್ನು ಗುರುತಿಸುತ್ತಾರೆ. ಮರುವರ್ಷವೇ ‘ಎ.ವಿ.ಎಂ.’ ಎಂಬ ಸ್ವಂತ ಹೆಸರಿನ ಸಂಸ್ಥೆ ಹುಟ್ಟಿತು. 1979ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಮೂರಕ್ಷರ ನಮ್ಮ ಟೆಂಟುಗಳವರೆಗೂ ಬಂದು ಮುಟ್ಟಿತ್ತು.